ಸ್ವಿಚ್ ಆನ್ ಇದೆಯಾ, ಆಫ್ ಇದೆಯಾ?

ಎಲ್ಲರಿಗೂ ನಮಸ್ಕಾರ.

ನಮ್ಮ ಮನೆಗಳಲ್ಲಿ ಸ್ವಿಚ್ ಕೆಳಗಿದ್ದರೆ ಆನ್, ಮೇಲಿದ್ದರೆ ಆಫ್. ಕತ್ತಲಲ್ಲಿ ಬೆರಳಿಟ್ಟರೂ ಗೊತ್ತಾಗುತ್ತದೆ. ಆದರೆ ಮೆಟ್ಟಿಲ ದೀಪಕ್ಕೆ ಎರಡು ಸ್ವಿಚ್ ಇರುತ್ತವಲ್ಲ, ಕೆಳಗೊಂದು, ಮಹಡಿ ಮೇಲೊಂದು? ಅಲ್ಲಿ ಬೆರಳಿಗೆ ಏನೂ ತಿಳಿಯುವುದಿಲ್ಲ. ದೀಪವನ್ನೇ ನೋಡಬೇಕು. ಕಣ್ಣು ಕಾಣದವರು ಯಾರನ್ನಾದರೂ ಕೇಳಬೇಕು: ದೀಪ ಉರೀತಾ ಇದೆಯಾ?

ಇವತ್ತು ನನ್ನ ಮಾತು ಈ ಕೇಳುವ ವಿಷಯದ ಮೇಲೆ. ಪರದೆ ಮೇಲಿನ ಚೆಕ್‌ಬಾಕ್ಸ್, ಬಟನ್, ಮೆನು ಇವೆಲ್ಲ ತಾವು ಈಗ ಯಾವ ಸ್ಥಿತಿಯಲ್ಲಿದ್ದೇವೆ ಅಂತ ಸ್ಕ್ರೀನ್ ರೀಡರ್‌ಗೆ, ಅಂದರೆ ಪರದೆಯಲ್ಲಿರುವುದನ್ನು ಕಣ್ಣು ಕಾಣದವರಿಗೆ ಓದಿ ಹೇಳುವ ಸಾಫ್ಟ್‌ವೇರ್‌ಗೆ, ಹೇಗೆ ಹೇಳುತ್ತವೆ, ಯಾವಾಗ ಬಾಯಿ ಮುಚ್ಚಿಕೊಳ್ಳುತ್ತವೆ, ಯಾವಾಗ ಸುಳ್ಳು ಹೇಳುತ್ತವೆ. ಸುಳ್ಳಿನಿಂದಲೇ ಶುರು ಮಾಡುತ್ತೇನೆ. ಆ ಸುಳ್ಳಿನ ಕೋಡ್ ಬರೆದವನು ನಾನೇ.

ಕೆಲವು ವರ್ಷಗಳ ಹಿಂದೆ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಸೆಟ್ಟಿಂಗ್ಸ್‌ನಲ್ಲಿ ‘ಬೆಲೆಯಲ್ಲಿ ತೆರಿಗೆ ಸೇರಿದೆ’ ಅಂತ ಒಂದು ಚೆಕ್‌ಬಾಕ್ಸ್ ಇತ್ತು. ಮಾಮೂಲಿ ಚೌಕ, ಮಾಮೂಲಿ ಟಿಕ್. ಅದು ಹಳೇ ಕಾಲದ್ದು ಅನ್ನಿಸಿ, ಫೋನ್‌ಗಳಲ್ಲಿ ಬರುವಂಥ ಜಾರುವ ಟಾಗಲ್ ಬೇಕು ಅಂತಾಯಿತು. ನಾನು ಖಾಲಿ ವಿಜೆಟ್ ಒಂದನ್ನು, ಅಂದರೆ ಪರದೆ ಮೇಲಿನ ಬರೀ ಖಾಲಿ ತುಂಡೊಂದನ್ನು, ತಗೊಂಡು, ಅದರ ಮೇಲೆ ಹಸಿರು ಬಣ್ಣ, ಬಿಳಿ ಗುಂಡಿ ಎಲ್ಲ ಬರೆದೆ. ನೋಡೋಕೆ ಚೆನ್ನಾಗಿತ್ತು.

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವವರಿಗೆ ಕಣ್ಣು ಕಾಣುವುದಿಲ್ಲ. ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಹಾಕಿಕೊಂಡು ಕೆಲಸ ಮಾಡುತ್ತಾರೆ, ನನಗಿಂತ ವೇಗವಾಗಿ. ಹೊಸ ಆವೃತ್ತಿ ಹೋದ ಮೇಲೆ ಫೋನ್ ಬಂತು: “ಸರ್ರ, ಆ ಟ್ಯಾಕ್ಸ್ ಬಟನ್ ಮೂಕ ಆಗೇತ್ರೀ. ಏನೂ ಹೇಳೂದಿಲ್ಲ.” ಸರಿ ಮಾಡಿ ಕೊಟ್ಟೆ. ಸರಿ ಮಾಡಿದ ಮೇಲೇ ಅನಾಹುತ ಆಗಿದ್ದು.

ಬಣ್ಣ ಬಳಿಯುವ ಕೋಡ್ ಒಂದು ವೇರಿಯಬಲ್, ಅಂದರೆ ಆನ್ ಅಥವಾ ಆಫ್ ಅಂತ ಬರೆದಿಟ್ಟ ಒಂದು ಜಾಗ, ನೋಡುತ್ತಿತ್ತು. ಸ್ಪೇಸ್ ಒತ್ತಿದ ಕೂಡಲೇ ಅದು ಬದಲಾಗುತ್ತಿತ್ತು. ಸ್ಕ್ರೀನ್ ರೀಡರ್‌ಗೆ ಉತ್ತರ ಕೊಡುವ ಕೋಡ್‌ನಲ್ಲಿ ನಾನು ಅವಸರಕ್ಕೆ, ಸೇವ್ ಆಗಿರುವ ಸೆಟ್ಟಿಂಗ್ ಓದಿ ಹೇಳಿಬಿಡು ಅಂತ ಬರೆದಿದ್ದೆ. ಓಕೆ ಒತ್ತುವ ತನಕ ಆ ಸೆಟ್ಟಿಂಗ್ ಹಳೇದೇ. ಅವರು ಕೀಬೋರ್ಡ್‌ನಲ್ಲಿ ಸಾಗುವಾಗ ಕೈತಪ್ಪಿ ಸ್ಪೇಸ್ ಒತ್ತಿದ್ದಾರೆ. ಪರದೆ ಮೇಲೆ ಟಾಗಲ್ ಆಫ್ ಆಯಿತು. ಅನುಮಾನ ಬಂದು ಇನ್ಸರ್ಟ್ ಜೊತೆ ಟ್ಯಾಬ್ ಒತ್ತಿ ಕೇಳಿದ್ದಾರೆ. ಎನ್‌ವಿಡಿಎ ‘ಚೆಕ್ಡ್’ ಅಂದಿದೆ. ಸಮಾಧಾನವಾಗಿ ಓಕೆ ಒತ್ತಿದ್ದಾರೆ.

ಮಾರನೇ ದಿನ 1180 ರೂಪಾಯಿಯ ಸಾಮಾನಿಗೆ 18 ಪರ್ಸೆಂಟ್ ಜಿಎಸ್‌ಟಿ ಇನ್ನೊಮ್ಮೆ ಸೇರಿಕೊಂಡು 1392.40ರ ಬಿಲ್ ಬಂತು. ಮೂರನೇ ಗಿರಾಕಿ ಜಗಳ ತೆಗೆದಾಗ ವಿಷಯ ಹೊರಗೆ ಬಿತ್ತು. ಮತ್ತೆ ಫೋನ್: “ಸರ್ರ, ಮೊದಲ ಮೂಕ ಇತ್ತು, ಈಗ ಸುಳ್ಳ ಹೇಳಾಕತ್ತೈತ್ರೀ. ಮೂಕ ಇದ್ದಾಗನ ಛಲೋ ಇತ್ತು, ಬಾಜೂದವರನ್ನ ಕೇಳತಿದ್ದೆ.”

ನಾನು ಈ ಕ್ಷೇತ್ರದಲ್ಲಿ ಕಲಿತದ್ದರಲ್ಲಿ ಅರ್ಧ ಆ ಒಂದು ಮಾತಿನಲ್ಲಿದೆ. ಸ್ಟೇಟ್, ಅಂದರೆ ಈಗಿನ ಸ್ಥಿತಿ, ಗೊತ್ತಿಲ್ಲದಿದ್ದರೆ ಮನುಷ್ಯ ಹುಷಾರಾಗಿರುತ್ತಾನೆ. ತಪ್ಪು ಸ್ಟೇಟ್ ಹೇಳಿದರೆ ನಂಬಿ ಹಳ್ಳಕ್ಕೆ ಬೀಳುತ್ತಾನೆ.

ಇದೆಲ್ಲ ಇಷ್ಟು ತೊಡಕಾಗಿದ್ದು ಯಾಕೆ ಅಂತ ಸ್ವಲ್ಪ ಹಿಂದೆ ಹೋಗಿ ನೋಡೋಣ. ವಿಂಡೋಸ್‌ಗಿಂತ ಹಳೇ ವ್ಯವಸ್ಥೆಯಾದ ಡಾಸ್ ಕಾಲದಲ್ಲಿ ಪರದೆ ಅಂದರೆ ಅಕ್ಷರಗಳ ಸಾಲು. ಆ ಅಕ್ಷರಗಳು ಮೆಮೊರಿಯಲ್ಲಿ ಅಕ್ಷರಗಳಾಗಿಯೇ ಇರುತ್ತಿದ್ದವು. ಸ್ಕ್ರೀನ್ ರೀಡರ್ ಅಲ್ಲಿಂದ ಎತ್ತಿ ಓದಿದರಾಯಿತು. 1989ರಲ್ಲಿ ಬಂದ ಜಾಸ್ ಅನ್ನುವ ಸ್ಕ್ರೀನ್ ರೀಡರ್ ಮೊದಲು ಡಾಸ್‌ಗೇ ಇದ್ದದ್ದು. ಆಮೇಲೆ ಎಲ್ಲ ಕಡೆ ವಿಂಡೋಸ್ ಬಂತು, ಪರದೆಯೆಲ್ಲ ಚುಕ್ಕಿಗಳ ಚಿತ್ರವಾಯಿತು. ಟಿಕ್ ಅನ್ನುವುದು ಎರಡು ಓರೆ ಗೆರೆ, ಅಷ್ಟೇ. ಸ್ಕ್ರೀನ್ ರೀಡರ್ ಬರೆಯುವವರು ವಿಂಡೋಸ್ ಏನೇನು ಬರೆಯುತ್ತಿದೆ ಅಂತ ನಡುವೆ ಕದ್ದು ಕೇಳಿಸಿಕೊಂಡು, ಪರದೆಯ ಇನ್ನೊಂದು ನಕಲನ್ನು ತಾವೇ ಕಟ್ಟಿಕೊಳ್ಳುತ್ತಿದ್ದರು. ಆ ನಕಲಿಗೆ ಆಫ್‌ಸ್ಕ್ರೀನ್ ಮಾಡೆಲ್ ಅಂತ ಹೆಸರು. ಅದರಿಂದ ‘ಇಲ್ಲಿ ಟಿಕ್ ಇದೆ’ ಅಂತ ಊಹಿಸಬೇಕಿತ್ತು. ಅಂಥ ಕೆಲಸವನ್ನೂ ಜನ ಮಾಡಿ ತೋರಿಸಿದರು, ಅವರಿಗೆ ದೊಡ್ಡ ನಮಸ್ಕಾರ.

1997ರಲ್ಲಿ ಮೈಕ್ರೋಸಾಫ್ಟ್ ಆಕ್ಟಿವ್ ಆಕ್ಸೆಸಿಬಿಲಿಟಿ ಅನ್ನುವ ಪದ್ಧತಿ ಬಂತು. ಆಗ ಊಹೆಯ ಬದಲು ಪ್ರಶ್ನೆ-ಉತ್ತರ ಶುರುವಾಯಿತು. ಸ್ಕ್ರೀನ್ ರೀಡರ್ ಕೇಳುತ್ತದೆ: ನಿನ್ನ ಹೆಸರೇನು? ನೀನು ಯಾವ ಬಗೆ, ಬಟನ್ನಾ, ಚೆಕ್‌ಬಾಕ್ಸಾ? ಈಗ ಹೇಗಿದ್ದೀಯ? ನಿಮ್ಮ ಪ್ರೋಗ್ರಾಂ ಉತ್ತರ ಕೊಡಬೇಕು. ಇದರ ಮೇಲೆ ಐಬಿಎಂ 2006ರಲ್ಲಿ ಐಆಕ್ಸೆಸಿಬಲ್2 ಸೇರಿಸಿತು. ಮೈಕ್ರೋಸಾಫ್ಟ್ ತಾನೇ ವಿಂಡೋಸ್ ವಿಸ್ಟಾ ಕಾಲಕ್ಕೆ ಯುಐ ಆಟೊಮೇಶನ್ ತಂದಿತು. ಲಿನಕ್ಸ್‌ನಲ್ಲಿ ಎಟಿ-ಎಸ್‌ಪಿಐ ಇದೆ, ಅದರ ಜೊತೆ ಓರ್ಕಾ ಅನ್ನುವ ಸ್ಕ್ರೀನ್ ರೀಡರ್ ಮಾತಾಡುತ್ತದೆ. ಮ್ಯಾಕ್‌ನಲ್ಲಿ ವಾಯ್ಸ್‌ಓವರ್. ಹೆಸರುಗಳು ಬೇರೆ, ಕೇಳುವ ಮೂರು ಪ್ರಶ್ನೆ ಹೆಚ್ಚುಕಮ್ಮಿ ಅವೇ.

ಮೂರನೇ ಪ್ರಶ್ನೆಗೆ ಹಳೇ ವಿಂಡೋಸ್ ಪದ್ಧತಿಯಲ್ಲಿ ಉತ್ತರ ಒಂದೇ ಒಂದು ಸಂಖ್ಯೆ. ಅದರ ಒಂದೊಂದು ಬಿಟ್‌ಗೆ, ಅಂದರೆ 0 ಅಥವಾ 1 ಇರುವ ಒಂದೊಂದು ಮನೆಗೆ, ಒಂದೊಂದು ಅರ್ಥ. ಬಳಸಲು ಆಗದಿದ್ದರೆ 1, ಆಯ್ಕೆಯಾಗಿದ್ದರೆ 2, ಫೋಕಸ್ ಇದ್ದರೆ (ಕೀಬೋರ್ಡ್ ಈಗ ಅದರ ಮೇಲೆ ನಿಂತಿದ್ದರೆ) 4, ಒತ್ತಿದ್ದರೆ 8, ಟಿಕ್ ಇದ್ದರೆ 16, ಅರ್ಧಂಬರ್ಧ ಇದ್ದರೆ 32. ಟಿಕ್ ಆಗಿ, ಫೋಕಸ್ ಕೂಡ ಇರುವ ಒಂದು ಸಾಧಾರಣ ಚೆಕ್‌ಬಾಕ್ಸ್ 1048596 ಅಂತ ಉತ್ತರ ಕೊಡುತ್ತದೆ. ಭಯ ಬೀಳಬೇಡಿ. 1048576 ಅಂದರೆ ‘ನಾನು ಫೋಕಸ್ ತಗೊಳ್ಳಬಲ್ಲೆ’. ಅದಕ್ಕೆ 16 ಮತ್ತು 4 ಕೂಡಿಸಿದರೆ ಲೆಕ್ಕ ಸರಿಹೋಯಿತು. ಟಿಕ್ ತೆಗೆದರೆ 16 ಕಳೆದು 1048580.

ಈಗ ಒಂದು ತಮಾಷೆ ಗಮನಿಸಿ. ಟಿಕ್ ಇದೆ ಅನ್ನಲು ಬಿಟ್ ಇದೆ. ಟಿಕ್ ಇಲ್ಲ ಅನ್ನಲು ಬಿಟ್ಟೇ ಇಲ್ಲ. ಹಾಗಾದರೆ ಎನ್‌ವಿಡಿಎ ‘ನಾಟ್ ಚೆಕ್ಡ್’ ಅಂತ ಹೇಗೆ ಹೇಳುತ್ತದೆ? ಬಗೆ ನೋಡಿ ಹೇಳುತ್ತದೆ. ‘ಇದು ಚೆಕ್‌ಬಾಕ್ಸ್, ಟಿಕ್ ಬಿಟ್ ಇಲ್ಲ, ಅಂದಮೇಲೆ ಟಿಕ್ ಆಗಿಲ್ಲ.’ ಅದೇ ವಸ್ತು ತಾನು ಬರೀ ಬಟನ್ ಅಂತ ಹೇಳಿಕೊಂಡಿದ್ದರೆ, ಟಿಕ್ ಇಲ್ಲದಿರುವುದು ಸುದ್ದಿಯೇ ಅಲ್ಲ. ಸುಮ್ನೆ ಇರುತ್ತದೆ. ‘ಆನ್ ಮಾಡಿದಾಗ ಹೇಳುತ್ತೆ, ಆಫ್ ಮಾಡಿದಾಗ ಹೇಳಲ್ಲ’ ಅನ್ನುವ ದೂರು ಬಂದರೆ ನಾನು ಮೊದಲು ಸ್ಟೇಟ್ ನೋಡುವುದಿಲ್ಲ, ಬಗೆ ನೋಡುತ್ತೇನೆ. ಬಗೆ ತಪ್ಪಿದ್ದರೆ ಸ್ಟೇಟ್ ಅರ್ಧ ಸತ್ತ ಹಾಗೆ.

ಯುಐ ಆಟೊಮೇಶನ್‌ನಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ಟಾಗಲ್ ಅನ್ನುವುದಕ್ಕೇ ಪ್ರತ್ಯೇಕ ಒಪ್ಪಂದ ಇದೆ: ಆಫ್‌ಗೆ 0, ಆನ್‌ಗೆ 1, ಎರಡೂ ಅಲ್ಲದ್ದಕ್ಕೆ 2. ಈ ‘ಎರಡೂ ಅಲ್ಲದ್ದು’ ಜಾಸ್ತಿ ಜನ ಮರೆಯುವಂಥದ್ದು. ಹತ್ತು ಸಾಲಿನ ಪಟ್ಟಿಯ ತಲೆಯಲ್ಲಿ ‘ಎಲ್ಲ ಆರಿಸು’ ಅಂತ ಚೆಕ್‌ಬಾಕ್ಸ್ ಇದೆ ಅಂದುಕೊಳ್ಳಿ. ನಾಲ್ಕಕ್ಕೆ ಮಾತ್ರ ಟಿಕ್ ಹಾಕಿದರೆ ಅದರೊಳಗೆ ಟಿಕ್ ಬದಲು ಒಂದು ಅಡ್ಡಗೆರೆ ಬರುತ್ತದೆ. ಕಣ್ಣಿಗೆ ಅರ್ಥವಾಯಿತು. ಒಳಗಡೆ ಮಾತ್ರ ಹೌದು ಅಥವಾ ಅಲ್ಲ ಅನ್ನುವ ಬೂಲಿಯನ್ ಇಟ್ಟುಕೊಂಡಿದ್ದರೆ, ಕಿವಿಗೆ ಹೋಗುವುದು ತಪ್ಪು ಉತ್ತರವೇ.

ಕೇಳಿದಾಗ ಸರಿಯಾಗಿ ಹೇಳಿದರೆ ಸಾಕಾ? ಸಾಲದು. ಬದಲಾದಾಗ ಕೂಗಿ ಹೇಳಬೇಕು. ಸ್ಪೇಸ್ ಒತ್ತಿದ ಮೇಲೆ ‘ನನ್ನ ಸ್ಟೇಟ್ ಬದಲಾಯಿತು’ ಅಂತ ಪ್ರೋಗ್ರಾಂ ಒಂದು ಈವೆಂಟ್ ಕಳಿಸಬೇಕು. ಆಗಲೇ ಸ್ಕ್ರೀನ್ ರೀಡರ್ ಮತ್ತೆ ಬಂದು ವಿಚಾರಿಸುವುದು. ಇಲ್ಲಿ ಕ್ರಮ ಮುಖ್ಯ. ಮೊದಲು ಒಳಗಿನ ಸ್ಟೇಟ್ ಬದಲಿಸಿ, ಆಮೇಲೆ ಕೂಗಿ. ಅಡುಗೆ ಆಗುವ ಮುಂಚೆ ಊಟಕ್ಕೆ ಕರೆದ ಹಾಗೆ ಮಾಡಿದರೆ, ಬಂದವರಿಗೆ ಕಾಣುವುದು ಖಾಲಿ ಪಾತ್ರೆ. ಕ್ರಮ ತಪ್ಪಿದರೂ ಎಷ್ಟೋ ಸಲ ಬಚಾವಾಗುತ್ತೀರಿ, ಸ್ಕ್ರೀನ್ ರೀಡರ್ ಬರುವುದು ಒಂದು ಗಳಿಗೆ ತಡವಾಗಿ. ಅಷ್ಟರಲ್ಲಿ ನಿಮ್ಮ ಸ್ಟೇಟ್ ಬದಲಾಗಿರುತ್ತದೆ, ಸರಿಯಾದ ಉತ್ತರವೇ ಸಿಗುತ್ತದೆ. ನಿಮ್ಮ ಮೆಷಿನ್‌ನಲ್ಲಿ ಸರಿ, ಗಿರಾಕಿಯ ಮೆಷಿನ್‌ನಲ್ಲಿ ತಪ್ಪು. ಇಂಥ ಬಗ್ ಹಿಡಿಯಲು ಹೋಗಿ ಒಂದು ವಾರ ಕಳೆದವನು ನಾನು.

ಬಟನ್, ಮೆನು ಎಲ್ಲ ಸಿದ್ಧವಾಗಿ ಕೊಡುವ ಕ್ಯೂಟಿ ಅನ್ನುವ ಸಲಕರಣೆ ಬಳಸುವವರಿಗೆ ಇನ್ನೊಂದು ಹಳ್ಳ ಕಾದಿರುತ್ತದೆ. ಅದರ ಸ್ಟೇಟ್ ಚೇಂಜ್ ಈವೆಂಟ್‌ಗೆ ಒಂದು ಸ್ಟೇಟ್ ಕೊಡಬೇಕು. ಎಲ್ಲರೂ ಅದಕ್ಕೆ ಹೊಸ ಸ್ಥಿತಿ ತುಂಬುತ್ತಾರೆ: ಟಿಕ್ ತೆಗೆದಾಗ ಚೆಕ್ಡ್ ಅನ್ನುವುದನ್ನು ಫಾಲ್ಸ್ ಮಾಡಿ ಕಳಿಸುತ್ತಾರೆ. ಆದರೆ ಅದು ಕೇಳುವುದು ಹೊಸ ಸ್ಥಿತಿಯನ್ನಲ್ಲ, ಏನೇನು ಬದಲಾಯಿತು ಅನ್ನುವುದನ್ನು. ಟಿಕ್ ಹಾಕಿದರೂ ಚೆಕ್ಡ್ ಟ್ರೂ, ತೆಗೆದರೂ ಚೆಕ್ಡ್ ಟ್ರೂ. ಫಾಲ್ಸ್ ಕಳಿಸಿದರೆ ‘ಏನೂ ಬದಲಾಗಿಲ್ಲ’ ಅಂತ ಹೇಳಿದ ಹಾಗೆ.

ಇಷ್ಟೆಲ್ಲ ತಲೆನೋವು ಬೇಡ ಅಂತ ಕೆಲವರು ಒಂದು ಅಡ್ಡದಾರಿ ಹಿಡಿಯುತ್ತಾರೆ. ಸ್ಟೇಟನ್ನು ಹೆಸರಿನೊಳಗೇ ತುರುಕುತ್ತಾರೆ: ‘ತೆರಿಗೆ ಸೇರಿದೆ ಆನ್’. ಕೇಳಿದರೆ ಕೆಲಸ ಮಾಡುತ್ತದೆ ಅನ್ನಿಸುತ್ತದೆ, ಅಲ್ವಾ? ನನಗೆ ಇದು ಇಷ್ಟವಿಲ್ಲ, ಕಾರಣ ಭಾಷೆ. ಎನ್‌ವಿಡಿಎಯನ್ನು ಕನ್ನಡದಲ್ಲಿ ಇಟ್ಟುಕೊಳ್ಳಬಹುದು. ಅದರ ಜೊತೆ ಬರುವ ಇಸ್ಪೀಕ್ ಎನ್‌ಜಿ ಅನ್ನುವ ದನಿ ಕನ್ನಡ ಓದುತ್ತದೆ. ಸ್ಟೇಟ್ ಅನ್ನುವುದು ಬಿಟ್ ಆಗಿ ಹೋದರೆ, ಅದನ್ನು ಕೇಳುವವರ ಭಾಷೆಯಲ್ಲಿ ಹೇಳುವ ಹೊಣೆ ಸ್ಕ್ರೀನ್ ರೀಡರ್‌ದು. ಬೆರಳಿನಿಂದ ಓದುವ ಬ್ರೈಲ್ ಸಾಲಿನಲ್ಲಾದರೆ ಅದೇ ಸ್ಟೇಟ್ ಒಂದು ಪುಟ್ಟ ಗುರುತಾಗಿ ಬರುತ್ತದೆ. ಹೆಸರಿನಲ್ಲಿ ತುರುಕಿದರೆ ಅದು ಪ್ರೋಗ್ರಾಂ ಬರೆದವನ ಭಾಷೆಯಲ್ಲೇ ಉಳಿಯುತ್ತದೆ, ಬ್ರೈಲ್‌ನ ಕಿರಿದಾದ ಜಾಗವನ್ನೂ ತಿನ್ನುತ್ತದೆ.

ಬಳಸಲು ಆಗದ, ಬೂದು ಬಣ್ಣಕ್ಕೆ ತಿರುಗಿದ ಬಟನ್‌ಗಳ ಬಗ್ಗೆ ಒಂದೇ ಮಾತು. ಅವುಗಳನ್ನು ಸ್ಕ್ರೀನ್ ರೀಡರ್‌ಗೆ ಕಾಣದ ಹಾಗೆ ಮುಚ್ಚಿಡಬೇಡಿ. ‘ಪ್ರಿಂಟ್ ಇದೆ, ಈಗ ಆಗುವುದಿಲ್ಲ’ ಅನ್ನುವುದು ಬೇರೆ, ‘ಪ್ರಿಂಟ್ ಅನ್ನುವುದೇ ಇಲ್ಲ’ ಅನ್ನುವುದು ಬೇರೆ.

ಕಾನೂನಿನ ಮಾತು ಕೇಳುವವರಿಗೆ: ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ, ಸಾಫ್ಟ್‌ವೇರ್ ಅಂಗವಿಕಲರೂ ಬಳಸುವ ಹಾಗಿರಬೇಕು ಅನ್ನಲು ಐಎಸ್ 17802 ಅನ್ನುವ ಮಾನದಂಡ ಇದೆ. ಮ್ಯಾನೇಜರ್ ಒಪ್ಪದಿದ್ದಾಗ ಇವನ್ನು ಮುಂದಿಡಿ. ಆದರೆ ಕೋಡ್ ಬರೆಯುವವರಿಗೆ ಹುಬ್ಬಳ್ಳಿಯ ಆ ಬಿಲ್ಲೇ ಸಾಕು.

ನನ್ನ ಟಾಗಲ್ ಕೊನೆಗೆ ಹೇಗೆ ಸರಿಹೋಯಿತು ಅಂತ ಹೇಳಲಿಲ್ಲ. ಆ ಖಾಲಿ ವಿಜೆಟ್ ಬಿಸಾಕಿದೆ. ಕ್ಯೂಟಿಯ ಮಾಮೂಲಿ ಚೆಕ್‌ಬಾಕ್ಸನ್ನೇ ತಗೊಂಡು, ಅದರ ಬಣ್ಣ ಬಳಿಯುವ ಭಾಗವೊಂದನ್ನು ಮಾತ್ರ ಬದಲಿಸಿದೆ. ಹಸಿರು, ಬಿಳಿ ಗುಂಡಿ ಎಲ್ಲ ಹಾಗೇ ಇದೆ. ಬಗೆ, ಸ್ಟೇಟ್, ಈವೆಂಟ್ ಎಲ್ಲ ಪುಕ್ಕಟೆ ಬಂತು. ಪರದೆಗೂ ಕಿವಿಗೂ ಈಗ ಒಂದೇ ವೇರಿಯಬಲ್. ನಾನು ಬರೆದಿದ್ದ ಇನ್ನೂರು ಚಿಲ್ಲರೆ ಸಾಲು ಅಳಿಸಿ ನಲವತ್ತಾಯಿತು. ಹುಬ್ಬಳ್ಳಿಗೆ ಕಳಿಸಿದೆ. ಎರಡು ದಿನ ಫೋನ್ ಬರಲಿಲ್ಲ. ಮೂರನೇ ದಿನ ಬಂತು: “ಟ್ಯಾಕ್ಸಿಂದು ಬರೋಬ್ಬರಿ ಆತ್ರೀ. ಆ ಡಿಸ್ಕೌಂಟ್ ಬಟನ್ ಯಾರು ಬರದಾರ್ರೀ?”

ಅದನ್ನೂ ನಾನೇ ಬರೆದಿದ್ದೆ. ಆ ಡಿಸ್ಕೌಂಟ್ ಬಟನ್‌ನ ಹಳೇ ಆವೃತ್ತಿ ಈ ಲ್ಯಾಪ್‌ಟಾಪ್‌ನಲ್ಲಿದೆ. ಈಗ ಪ್ರೊಜೆಕ್ಟರ್ ಕೇಬಲ್ ತೆಗೆಯುತ್ತೇನೆ, ಸ್ಪೀಕರ್ ಜೋರು ಮಾಡುತ್ತೇನೆ. ಐದು ಸಲ ಸ್ಪೇಸ್ ಒತ್ತುತ್ತೇನೆ. ಆನ್ ಇದೆಯೋ ಆಫ್ ಇದೆಯೋ, ಕೇಳಿಸಿಕೊಂಡು ನೀವೇ ಹೇಳಿ.