ಹೃದಯದ ಹಚ್ಚೆ: ಒಳಗೆ ಏನು?

ಕೇಳುಗರಿಗೆ ನಮಸ್ಕಾರ.

ದೇವರಾಜ ಮಾರುಕಟ್ಟೆಯಿಂದ ತಂದ ವೀಳ್ಯದೆಲೆ ಮನೆಯಲ್ಲಿದ್ದರೆ ಒಂದನ್ನು ಕೈಗೆ ತೆಗೆದುಕೊಳ್ಳಿ. ತೊಟ್ಟು ಮೇಲೆ, ತುದಿ ಕೆಳಗೆ. ಹೃದಯ ಅಂತ ನಾವು ಬರೆಯುವ ಚಿತ್ರ ಇದೇ ಅಲ್ವಾ? ಇಸ್ಪೀಟಿನ ಆಟೀನು ಎಲೆಯಲ್ಲೂ ಇದೇ. ಎದೆಯೊಳಗೆ ಬಡಿಯುವ ನಿಜವಾದ ಹೃದಯ ಹೀಗಿಲ್ಲ. ಅದು ಮುಷ್ಟಿ ಗಾತ್ರದ ಸ್ನಾಯು, ಸ್ವಲ್ಪ ಎಡಕ್ಕೆ ವಾಲಿರುತ್ತದೆ. ಆದರೂ ಈ ಎಲೆಯ ಆಕಾರ ಕಂಡರೆ ಸಾಕು, ಚಿಕ್ಕ ಮಗುವೂ ಹೃದಯ ಅನ್ನುತ್ತದೆ. ಇಷ್ಟು ಸುಲಭವಾಗಿ ಅರ್ಥವಾಗುವ ಚಿತ್ರ ಇನ್ನೊಂದಿಲ್ಲ. ಜನಕ್ಕೆ ಅದಕ್ಕೇ ಇಷ್ಟ.

ಮೈಸೂರಿನಲ್ಲಿ ನಾನು ಹಚ್ಚೆ ಹಾಕಲು ಶುರುಮಾಡಿ 14 ವರ್ಷ ಆಯಿತು. ಜಾಸ್ತಿ ಜನ ಕೇಳುವುದು ಹೃದಯವನ್ನೇ. ಅವರಿಗೆಲ್ಲ ನಾನು ಕೇಳುವುದು ಒಂದೇ ಪ್ರಶ್ನೆ. ಒಳಗೆ ಏನು?

ಹಚ್ಚೆ ನಮಗೆ ಹೊಸದಲ್ಲ. ಮಂಡ್ಯ, ಮೈಸೂರು ಕಡೆಯ ಅಜ್ಜಿಯರ ಮುಂಗೈ ನೋಡಿ. ಚುಕ್ಕಿ, ಎಳೆ, ತುಳಸಿಕಟ್ಟೆ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಅನ್ನುತ್ತಿದ್ದ ಕಾಲ. ಕೆಲವರು ಅದನ್ನು ಕೈ ಮೇಲೆ ಹುಯ್ಯಿಸಿಕೊಂಡರು. ಸತ್ತಾಗ ಒಡವೆ ಬಿಚ್ಚಿಕೊಳ್ಳುತ್ತಾರೆ, ಹಚ್ಚೆ ಮಾತ್ರ ಜೊತೆಗೆ ಬರುತ್ತದೆ ಅನ್ನುತ್ತಿದ್ದರು.

ಕೆಂಪು ಹೃದಯ ಹೊರಗಿನಿಂದ ಬಂದದ್ದು. 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ ಕರೆಂಟಿನ ಹಚ್ಚೆ ಯಂತ್ರಕ್ಕೆ ಪೇಟೆಂಟ್ ಪಡೆದ. ಕೆಲಸ ಬೇಗ ಆಗತೊಡಗಿತು. ಅಮೆರಿಕದ ಹಡಗಿನ ನಾವಿಕರು ತೋಳಿನ ಮೇಲೆ ಹೃದಯ ಬರೆಸಿಕೊಂಡು, ಅದಕ್ಕೆ ಅಡ್ಡಲಾಗಿ ಒಂದು ಪಟ್ಟಿ ಎಳೆಸಿ, ಅದರಲ್ಲಿ ತಾಯಿ ಅಂತ ಬರೆಸುತ್ತಿದ್ದರು. ತಿಂಗಳುಗಟ್ಟಲೆ ನೀರಿನ ಮೇಲೆ ಇರುವವರು. ಅವರ ಹೃದಯದ ಒಳಗೆ ಏನಿತ್ತು ಅಂತ ಅವರಿಗೆ ಗೊತ್ತಿತ್ತು.

ಮೂರು ವರ್ಷದ ಹಿಂದೆ ಪಾಂಡವಪುರ ಕಡೆಯ ಹುಡುಗ ಒಬ್ಬ ಬಂದ. ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ತಾಯಿ ತೀರಿಹೋಗಿ ಎರಡು ತಿಂಗಳಾಗಿತ್ತು. ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಕೆಂಪು ಹೃದಯ, ನಡುವೆ ‘ಅಮ್ಮ’. ಇದೇ ಥರ ಹಾಕಿ ಸಾ ಅಂದ.

ಮನೆಯಲ್ಲಿ ಏನಂತ ಕರೀತಿದ್ದೆ ಅಂತ ಕೇಳಿದೆ.

‘ಅವ್ವ ಅಂತ.’

‘ಮತ್ತೆ ಅಮ್ಮ ಅಂತ ಯಾಕಪ್ಪ?’

‘ಎಲ್ಲಾರೂ ಹಂಗೇ ಹಾಕುಸ್ತಾರಲ್ಲ ಸಾ.’

ಅಷ್ಟು ಹೇಳಿ ಸುಮ್ಮನಾದ. ಚಿತ್ರವನ್ನೇ ನೋಡುತ್ತಾ ಕೂತ. ಆಮೇಲೆ ಫೋನು ಜೇಬಿಗಿಟ್ಟು, ಬತ್ತೀನಿ ಸಾ ಅಂತ ಹೊರಟೇಹೋದ. ಗಿರಾಕಿ ಹೋಯಿತು ಅಂತ ನನ್ನ ಜೊತೆಗಿರುವ ಹುಡುಗನಿಗೆ ಬೇಜಾರು.

ಹತ್ತು ದಿನ ಬಿಟ್ಟು ಬಂದ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಮಹಿಳಾ ಸಂಘದ ಪುಸ್ತಕ. ಅವರ ತಾಯಿ ಶಾಲೆಗೆ ಹೋದವರಲ್ಲ. ಸಂಘದಲ್ಲಿ ಸಹಿ ಹಾಕಬೇಕು ಅಂತ ಇವನೇ, ಆರನೇ ಕ್ಲಾಸಿನಲ್ಲಿದ್ದಾಗ, ಸ್ಲೇಟಿನ ಮೇಲೆ ಹೆಸರು ಬರೆಯುವುದು ಕಲಿಸಿದ್ದನಂತೆ. ಪುಟದ ತುಂಬ ಆ ಸಹಿ. ಅಕ್ಷರ ಒಂದು ಮೇಲೆ, ಒಂದು ಕೆಳಗೆ. ಒಂದು ಒತ್ತು ಬಿಟ್ಟುಹೋಗಿದೆ. ಪ್ರತಿ ಸಲವೂ ಅದೇ ಒತ್ತು. ಸೇರಿಸಲಾ ಅಂದೆ.

‘ಬ್ಯಾಡ ಸಾ. ನಮ್ಮವ್ವ ಹಿಂಗೇ ಬರೀತಿದ್ದುದು.’

ರೂಪಾಯಿ ಅಗಲ ಸಾಕು ಅಂದ. ನಾನು ಒಪ್ಪಲಿಲ್ಲ. ಸೂಜಿ ಶಾಯಿಯನ್ನು ಬಿಡುವುದು ಚರ್ಮದ ಎರಡನೇ ಪದರದಲ್ಲಿ, ಒಂದೆರಡು ಮಿಲಿಮೀಟರ್ ಆಳದಲ್ಲಿ. ಮೇಲಿನ ಪದರ ಉದುರುತ್ತಾ ಹೊಸದು ಬರುತ್ತದೆ, ಕೆಳಗಿನ ಶಾಯಿ ಹಾಗೇ ಉಳಿಯುತ್ತದೆ. ಆದರೆ ವರ್ಷ ಕಳೆದಂತೆ ಸ್ವಲ್ಪ ಸ್ವಲ್ಪ ಹರಡುತ್ತದೆ. ನಮ್ಮ ಕನ್ನಡ ಅಕ್ಷರವೆಲ್ಲ ದುಂಡು. ಚಿಕ್ಕದಾಗಿ ಬರೆದರೆ ಆ ಸುಳಿಗಳೆಲ್ಲ ಮುಚ್ಚಿಹೋಗುತ್ತವೆ. ಅದಕ್ಕೆ ಮುಂಗೈ ಒಳಭಾಗದಲ್ಲಿ ನಾಲ್ಕು ಬೆರಳಗಲ ಬರೆದೆ. ಸುತ್ತ ತೆಳುವಾದ ಒಂದೇ ಎಳೆಯ ಹೃದಯ. ಕೆಂಪು ತುಂಬಲಿಲ್ಲ. ಮುಗಿದ ಮೇಲೆ ಅವನು ಆ ಹೆಸರನ್ನು ಜೋರಾಗಿ ಓದಿದ. ಒತ್ತಿಲ್ಲದೆ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಚೂರಿ ಚುಚ್ಚಿದ ಹೃದಯ ಅಂದರೆ ಪ್ರೀತಿಯಲ್ಲಿ ಆದ ಮೋಸ. ಮುಳ್ಳಿನ ಸುತ್ತು, ಮೇಲೆ ಬೆಂಕಿ ಇದ್ದರೆ ಅದು ಯೇಸುವಿನ ಪವಿತ್ರ ಹೃದಯ, ಸುಮ್ನೆ ಚೆನ್ನಾಗಿದೆ ಅಂತ ಹಾಕಿಸಬೇಡಿ. ಇಸಿಜಿ ಗೆರೆಯ ಹೃದಯವನ್ನು ಈಗ ಎಲ್ಲರೂ ಕೇಳುತ್ತಾರೆ. ಆ ಗೆರೆ ಯಾರದು ಅಂದರೆ ಉತ್ತರವಿಲ್ಲ! ದಯವಿಟ್ಟು ಯೋಚಿಸಿ. ಒಳಗೆ ಏನು?

ಸೂಜಿ ಹೊಸದಾಗಿರಲಿ, ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಲಿ. ಸಕ್ಕರೆ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿ. ಹಕ್ಕಳೆ ಎದ್ದರೆ ಕೆರೆಯಬೇಡಿ. ಲೇಸರಿನಲ್ಲಿ ತೆಗೆಸಬಹುದು ಅಂತ ಧೈರ್ಯ ಮಾಡಬೇಡಿ, ಅದು ಒಂದೇ ಸಲಕ್ಕೆ ಹೋಗುವುದಿಲ್ಲ.

ಪ್ರೀತಿಸಿದವರ ಹೆಸರು ಹಾಕಿಸಬೇಕು ಅನ್ನುವ ಮಕ್ಕಳೇ, ಮೊದಲು ಪೆನ್ನಿನಲ್ಲಿ ಬರೆದುಕೊಳ್ಳಿ. ಸ್ನಾನ ಮಾಡಿದಾಗ ಅಳಿಸುತ್ತದೆ, ಮತ್ತೆ ಬರೆಯಿರಿ. ಒಂದು ತಿಂಗಳು ಹೀಗೆ ಮಾಡಿ. ಆಮೇಲೂ ಬೇಕು ಅನ್ನಿಸಿದರೆ ಬನ್ನಿ. ಊಟ ಮಾಡಿಕೊಂಡು ಬನ್ನಿ, ಹಸಿದ ಹೊಟ್ಟೆಯಲ್ಲಿ ಕೂತರೆ ತಲೆ ಸುತ್ತುತ್ತದೆ.

ನಮಸ್ಕಾರ.