ಸುಕೂಕ್ ಮತ್ತು ಬೆಳವಣಿಗೆ: ಒಂದೇ ನೊಗದ ಜೋಡಿಯೇ?

ಕೇಳುಗರಿಗೆ ನಮಸ್ಕಾರ.

ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಅದು ನಾಡಿಗೆ ಸಮರ್ಪಣೆಯಾದದ್ದು 2006ರಲ್ಲಿ. ನಡುವೆ, 1994ರಲ್ಲಿ ಹುಟ್ಟಿದ ಕೃಷ್ಣಾ ಭಾಗ್ಯ ಜಲ ನಿಗಮ ಬಾಂಡು ಮಾರಿ ಹಣ ಎತ್ತಿತು. ಹಣ ಬಂದ ವರ್ಷವೇ ಹೊಲಕ್ಕೆ ನೀರು ಬರಲಿಲ್ಲ. ಸುಕೂಕ್, ಅಂದರೆ ಇಸ್ಲಾಮಿಕ್ ಬಾಂಡ್, ದೇಶದ ಆರ್ಥಿಕತೆಯನ್ನು ಬೆಳೆಸುತ್ತದೆಯೇ ಎಂದು ಕೇಳುವಾಗಲೂ ಈ ಅಂತರ ನೆನಪಿರಬೇಕು.

ಶರಿಯತ್‌ನಲ್ಲಿ ಬಡ್ಡಿ ನಿಷಿದ್ಧ. ಹಾಗಾಗಿ ಸುಕೂಕ್ ಕೊಂಡವರಿಗೆ ಸಿಗುವುದು ಒಂದು ಆಸ್ತಿಯಲ್ಲಿ ಪಾಲು, ಅದರ ಬಾಡಿಗೆ ಅಥವಾ ಲಾಭ. ನಮ್ಮ ಕಡೆ ಹೊಲ ಲಾವಣಿಗೆ ಕೊಡುತ್ತೇವಲ್ಲ, ಇಜಾರಾ ಸುಕೂಕ್ ಬಹುಮಟ್ಟಿಗೆ ಅದೇ. ತಿಳಿಯಲಿಕ್ಕೆ ಒಂದು ಲೆಕ್ಕ: ತಿಕೋಟಾದಲ್ಲಿ ಒಣದ್ರಾಕ್ಷಿಗೆ 10 ಕೋಟಿ ರೂಪಾಯಿಯ ಶೀತಲಗೃಹ ಬೇಕು ಎನ್ನಿ. ಇದಕ್ಕಾಗಿಯೇ ಒಂದು ಕಂಪನಿ ಮಾಡಿ, 10 ಸಾವಿರ ರೂಪಾಯಿಯ 10 ಸಾವಿರ ಪ್ರಮಾಣಪತ್ರ ಮಾರುತ್ತಾರೆ. ಆ ಹಣದಲ್ಲಿ ಕಂಪನಿ ಕಟ್ಟಡ ಪಡೆದು ಬಾಡಿಗೆಗೆ ಕೊಡುತ್ತದೆ. ಖರ್ಚು ಕಳೆದು ವರ್ಷಕ್ಕೆ 80 ಲಕ್ಷ ಉಳಿದರೆ ಪತ್ರಕ್ಕೆ 800 ರೂಪಾಯಿ. ಅವಧಿ ಮುಗಿದಾಗ ಕಟ್ಟಡ ಮಾರಿ ಅಸಲು ಹಿಂತಿರುಗಿಸುತ್ತಾರೆ.

ಇಲ್ಲಿ ಹೊಸ ಶೀತಲಗೃಹವೊಂದು ಎದ್ದಿತು. ಆದರೆ ಎಲ್ಲ ಸುಕೂಕ್‌ನಲ್ಲೂ ಹೀಗಾಗುವುದಿಲ್ಲ. 2002ರಲ್ಲಿ ಮಲೇಷ್ಯಾ ಸರ್ಕಾರ 60 ಕೋಟಿ ಡಾಲರ್ ಎತ್ತಿದಾಗ ಆಧಾರವಾಗಿದ್ದವು ಮೊದಲೇ ಇದ್ದ ಆಸ್ಪತ್ರೆ, ಕಚೇರಿಗಳು: ಮಾರಿ, ಮತ್ತೆ ಬಾಡಿಗೆಗೆ ಪಡೆದದ್ದು. ಇಂಡೋನೇಷ್ಯಾ 2013ರಿಂದ ಯೋಜನಾ ಸುಕೂಕ್ ತಂದು ರೈಲುಹಳಿಯಂಥ ಹೊಸ ಕೆಲಸಕ್ಕೇ ಹಣ ಕಟ್ಟಿತು. ಎರಡನ್ನೂ ಒಂದೇ ಅಂಕಿಯಲ್ಲಿ ಕೂಡಿಸಿ ಬೆಳವಣಿಗೆಯ ಜೊತೆ ಹೋಲಿಸುವುದು ದೊಡ್ಡ ತಪ್ಪು ಎಂದೇ ನನ್ನ ಅಭಿಪ್ರಾಯ. ಇನ್ನೊಂದು ತೊಡಕು, ಮುಖಬೆಲೆಗೇ ಮರಳಿ ಕೊಳ್ಳುತ್ತೇನೆ ಎಂಬ ವಾಗ್ದಾನ. ಅದಿದ್ದರೆ ನಷ್ಟದ ಪಾಲು ಹೂಡಿಕೆದಾರನಿಗೆ ತಟ್ಟದು, ಪಾಲುದಾರಿಕೆ ಸಾಲವಾಗಿಬಿಡುತ್ತದೆ. ಪಾಲುದಾರಿಕೆಯ ಸುಕೂಕ್‌ಗಳಲ್ಲಿ ವ್ಯವಹಾರ ನಡೆಸುವವರು ಹೀಗೆ ಮಾತು ಕೊಡಬಾರದೆಂದು ಬಹರೈನ್‌ನ ಮಾನದಂಡ ಸಂಸ್ಥೆ ಆಯೋಫಿ 2008ರಲ್ಲಿ ತಿಳಿಸಿತು.

ಇನ್ನು ಸುಕೂಕ್ ಮತ್ತು ಬೆಳವಣಿಗೆಯ ದೀರ್ಘಾವಧಿಯ ನಂಟು. ಎರಡು ಅಂಕಿಸರಣಿಗಳು ಮೇಲೇರುತ್ತಿದ್ದರೆ ನಂಟಿಲ್ಲದಿದ್ದರೂ ಇದ್ದಂತೆ ಕಾಣುತ್ತದೆ. ಅದಕ್ಕೇ ಕೋಇಂಟಿಗ್ರೇಶನ್ ಪರೀಕ್ಷೆ. ನೊಗಕ್ಕೆ ಹೂಡಿದ ಎರಡೆತ್ತುಗಳಲ್ಲಿ ಒಂದು ತುಸು ಮುಂದೆ ಹೋದರೂ ನೊಗ ಹಿಡಿದು ಎಳೆಯುತ್ತದಲ್ಲ, ಅಂಥ ಎಳೆತ ಇದೆಯೇ ಎಂದು ನೋಡುವುದು. ಎಳೆತದ ಗುಣಾಂಕ ಋಣಾತ್ಮಕವಾಗಿರಬೇಕು. ವಾರ್ಷಿಕ ಅಂಕಿಗಳಲ್ಲಿ ಅದು -0.25 ಬಂದರೆ, ತಪ್ಪಿದ ಅಂತರದ ಕಾಲುಭಾಗ ವರ್ಷದೊಳಗೆ ಸರಿಹೋಗುತ್ತದೆ ಎಂದರ್ಥ. ಧನಾತ್ಮಕವಾಗಿ ಬಂದರೆ ನೊಗವೇ ಇಲ್ಲ.

ತೊಂದರೆ ಅಂಕಿಗಳದ್ದೇ. ಬಹರೈನ್ ಸರ್ಕಾರದ ಸುಕೂಕ್ ಶುರುವಾದದ್ದು 2001ರಲ್ಲಿ. ವರ್ಷಕ್ಕೊಂದು ಅಂಕಿಯಂತೆ ಇಪ್ಪತ್ತು ಚಿಲ್ಲರೆ ಬಿಂದುಗಳು. ವಾರ್ಷಿಕ ಜಿಡಿಪಿಯನ್ನು ಸೀಳಿ ತ್ರೈಮಾಸಿಕ ಮಾಡಿದರೆ ಸಾಲುಗಳು ಹೆಚ್ಚುತ್ತವೆ, ಮಾಹಿತಿ ಹೆಚ್ಚುವುದಿಲ್ಲ.

ಯಾವುದು ಯಾವುದಕ್ಕೆ ಕಾರಣ ಎಂಬ ದಿಕ್ಕೂ ಮುಖ್ಯ. 2014ರ ನಂತರ ಕಚ್ಚಾತೈಲದ ಬೆಲೆ ಕುಸಿದು ಸೌದಿ ಅರೇಬಿಯಾದ ಬಜೆಟ್ಟಿಗೆ ಕೊರತೆ ಬಿತ್ತು. 2017ರಲ್ಲಿ ಅದು 900 ಕೋಟಿ ಡಾಲರ್‌ನ ಸುಕೂಕ್ ಬಿಟ್ಟಿತು. ಇಂಥಲ್ಲಿ ಆದಾಯ ಇಳಿದದ್ದೇ ಸುಕೂಕ್ ಏರಲು ಕಾರಣ. ತೈಲಬೆಲೆಯನ್ನು ಸಮೀಕರಣದೊಳಗೆ ಸೇರಿಸದಿದ್ದರೆ, ಸುಕೂಕ್ ಬೆಳವಣಿಗೆಯನ್ನು ತಗ್ಗಿಸುತ್ತದೆ ಎಂಬ ಸುಳ್ಳು ಉತ್ತರ ಬರುತ್ತದೆ.

ನಮಸ್ಕಾರ.