ಒಂದೇ ಹಾಸಿಗೆಯ ಮೇಲಿನ ಎರಡು ಜಗಳಗಳು

ಕೇಳುಗರಿಗೆ ನಮಸ್ಕಾರ.

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ತಾಯಿಯ ಪೆಟ್ಟಿಗೆಯನ್ನು ನೀವು ನೋಡಿರಬಹುದು. ಅಂಟು, ಮೆಂತ್ಯ, ಚಟ್ನಿಪುಡಿಗಳ ನಡುವೆ ಆರು ತಿಂಗಳಿಗಾಗುವಷ್ಟು ರಕ್ತದೊತ್ತಡದ ಮಾತ್ರೆಗಳಿರುತ್ತವೆ. ಅಲ್ಲಿ ಮಾತ್ರೆ ಸಿಗುವುದಿಲ್ಲವೆಂದಲ್ಲ, ವೈದ್ಯರ ಬಾಗಿಲು ತಟ್ಟಿದರೆ ಬರುವ ಬಿಲ್ಲಿನ ಹೆದರಿಕೆ. ಅದೇ ತಾಯಿ ಗ್ರೀನ್ ಕಾರ್ಡ್ ಪಡೆದು ಅಲ್ಲೇ ನೆಲೆಸಿದರೆಂದುಕೊಳ್ಳಿ. ಅರವತ್ತೈದು ದಾಟಿದ್ದರೂ, ಅವರಾಗಲಿ ಅವರ ಯಜಮಾನರಾಗಲಿ ಆ ದೇಶದಲ್ಲಿ ದುಡಿದವರಲ್ಲದಿದ್ದರೆ, ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಸೇರಲು ಐದು ವರ್ಷ ಕಾಯಬೇಕು.

ಈ ಐದು ವರ್ಷದ ಲೆಕ್ಕದಲ್ಲಿ ಅಮೆರಿಕದ ಎರಡು ಹಳೆಯ ಜಗಳಗಳು ಹೆಣೆದುಕೊಂಡಿವೆ. ಯಾರನ್ನು ಒಳಗೆ ಬಿಟ್ಟುಕೊಳ್ಳಬೇಕೆಂಬುದು ಒಂದು, ಯಾರ ಔಷಧದ ಖರ್ಚನ್ನು ಸರ್ಕಾರ ಹೊರಬೇಕೆಂಬುದು ಇನ್ನೊಂದು. ಶಾಸನಸಭೆ ಇವನ್ನು ಬೇರೆ ಬೇರೆ ದಿನ ಚರ್ಚಿಸಬಹುದು. ಆಸ್ಪತ್ರೆಯ ಸಮಾಜ ಕಾರ್ಯಕರ್ತರಿಗೆ ಆ ಸೌಕರ್ಯವಿಲ್ಲ. ಅವರ ಮುಂದೆ ಎರಡೂ ಒಂದೇ ಹಾಸಿಗೆಯ ಮೇಲೆ ಮಲಗಿರುತ್ತವೆ. ಅಂದ ಹಾಗೆ, ನಮ್ಮಲ್ಲಿ ಸಮಾಜ ಸೇವಕರೆಂದರೆ ಫ್ಲೆಕ್ಸ್‌ಗಳಲ್ಲಿ ಕೈಮುಗಿದು ನಿಂತವರು ಕಣ್ಣಮುಂದೆ ಬರುತ್ತಾರೆ. ನಾನು ಹೇಳುತ್ತಿರುವುದು ಪದವಿ ಪಡೆದು, ಸಂಬಳಕ್ಕೆ ದುಡಿಯುವ ವೃತ್ತಿಯವರ ಮಾತು.

ಆ ವೃತ್ತಿ ಬೆಳೆದದ್ದೇ ವಲಸಿಗರ ಕೇರಿಗಳಲ್ಲಿ. 1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಷಿಕಾಗೋದಲ್ಲಿ, ಬಡವರ ಕೇರಿಯಲ್ಲೇ ನೆಲೆಸಿ ಅವರಿಗೆ ನೆರವಾಗುವ ಕೇಂದ್ರವಾದ ಹಲ್ ಹೌಸ್ ತೆರೆದಾಗ ಸುತ್ತಲೂ ಇದ್ದವರು ಯುರೋಪಿನಿಂದ ಬಂದ ಬಡವರು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯ ರಿಚರ್ಡ್ ಕ್ಯಾಬಟ್ 1905ರಲ್ಲಿ ರೋಗಿಗಳ ಮನೆಯ ಸ್ಥಿತಿ ನೋಡಲೆಂದೇ ಒಬ್ಬ ಕಾರ್ಯಕರ್ತೆಯನ್ನು ನೇಮಿಸಿಕೊಂಡರು. ಕಿಟಕಿಯಿಲ್ಲದ ಕೋಣೆಯಲ್ಲಿ ಏಳೆಂಟು ಜನರೊಂದಿಗೆ ಮಲಗುವ ಕ್ಷಯರೋಗಿಗೆ ‘ಒಳ್ಳೆಯ ಗಾಳಿ’ ಎಂದು ಚೀಟಿ ಬರೆದುಕೊಟ್ಟರೆ ಅವನು ಅದನ್ನು ಯಾವ ಅಂಗಡಿಯಲ್ಲಿ ಕೊಳ್ಳಬೇಕು?

ನನಗೆ ಬಹಳ ಕಾಡುವವರು ಫ್ರಾನ್ಸಿಸ್ ಪರ್ಕಿನ್ಸ್. ಹಲ್ ಹೌಸಿನಲ್ಲಿ ಪಳಗಿದ ಇವರು 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಸಂಪುಟದಲ್ಲಿ ಕಾರ್ಮಿಕ ಸಚಿವೆಯಾದರು. ಆ ದೇಶದ ಸಂಪುಟ ಸೇರಿದ ಮೊದಲ ಮಹಿಳೆ. ವಲಸೆ ಇಲಾಖೆಯೂ ಆಗ ಕಾರ್ಮಿಕ ಸಚಿವಾಲಯದ ಅಧೀನದಲ್ಲೇ ಇತ್ತು. ಹೀಗಾಗಿ ಎರಡೂ ಕಡತಗಳು ಅವರ ಮೇಜಿಗೇ ಬಂದವು, ಎರಡರಲ್ಲೂ ಅವರು ಪೆಟ್ಟು ತಿಂದರು. 1935ರ ಸಾಮಾಜಿಕ ಭದ್ರತಾ ಕಾಯ್ದೆಯನ್ನು ರೂಪಿಸಿದ ಸಮಿತಿಗೆ ಅವರೇ ಅಧ್ಯಕ್ಷೆ. ಆರೋಗ್ಯ ವಿಮೆಯೂ ಅದರಲ್ಲಿರಲಿ ಎಂಬ ಆಸೆಯಿತ್ತು. ವೈದ್ಯರ ಸಂಘ ತಿರುಗಿಬಿತ್ತು. ಇಡೀ ಮಸೂದೆಯೇ ಮುಳುಗೀತೆಂದು ವಿಮೆಯನ್ನು ಕೈಬಿಡಲಾಯಿತು. ಆಸ್ಟ್ರೇಲಿಯಾದಿಂದ ಬಂದಿದ್ದ ಬಂದರು ಕಾರ್ಮಿಕರ ನಾಯಕ ಹ್ಯಾರಿ ಬ್ರಿಡ್ಜಸ್‌ರನ್ನು ಆತುರಪಟ್ಟು ಗಡೀಪಾರು ಮಾಡಲಿಲ್ಲವೆಂದು 1939ರಲ್ಲಿ ಪರ್ಕಿನ್ಸ್ ವಿರುದ್ಧ ಮಹಾಭಿಯೋಗದ ನಿರ್ಣಯ ಬಂತು. ಅದು ಬಿದ್ದುಹೋಯಿತು. ಮರುವರ್ಷ ವಲಸೆ ಇಲಾಖೆ ನ್ಯಾಯಾಂಗ ಸಚಿವಾಲಯಕ್ಕೆ ವರ್ಗವಾಯಿತು.

2010ರ ಆರೋಗ್ಯ ಸುಧಾರಣೆಯನ್ನು ಸಮಾಜ ಕಾರ್ಯಕರ್ತರ ರಾಷ್ಟ್ರೀಯ ಸಂಘ ಬೆಂಬಲಿಸಿತು. ಆ ಕಾಯ್ದೆಯಲ್ಲೇ ಒಂದು ಬೇಲಿಯಿದೆ: ದಾಖಲೆಯಿಲ್ಲದ ವಲಸಿಗರು ಸ್ವಂತ ದುಡ್ಡು ಕೊಟ್ಟರೂ ಸರ್ಕಾರ ತೆರೆದ ವಿಮಾ ಮಾರುಕಟ್ಟೆಯಲ್ಲಿ ಪಾಲಿಸಿ ಕೊಳ್ಳುವಂತಿಲ್ಲ. ಮೂಲ ಅಗತ್ಯಗಳಿಗೆ ಬೇಕಾದ ಸೇವೆಗಳು ಎಲ್ಲರಿಗೂ ಸಮನಾಗಿ ಸಿಗಲಿ ಎಂದು ರಾಜಕೀಯವಾಗಿಯೂ ದುಡಿಯಬೇಕೆಂದು ತನ್ನ ನೀತಿಸಂಹಿತೆಯಲ್ಲೇ ಬರೆದುಕೊಂಡ ವೃತ್ತಿಗೆ ಇದು ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪ. ನುಂಗಿದ್ದು ತಪ್ಪೆಂದು ದೂರದಲ್ಲಿ ಕುಳಿತು ಹೇಳುವ ಧೈರ್ಯ ನನಗಿಲ್ಲ. ಪರ್ಕಿನ್ಸ್ ಅವರೂ ಇಂಥದೇ ಲೆಕ್ಕ ಹಾಕಿದ್ದರು.

ಬೇಲಿಯ ಆಚೆಗಿನವರ ಪಾಡು ತಿಳಿಯಬೇಕಾದರೆ ಮೂತ್ರಪಿಂಡ ಕೆಟ್ಟವರನ್ನು ನೋಡಬೇಕು. 1986ರ ಕಾಯ್ದೆಯ ಪ್ರಕಾರ ತುರ್ತು ಘಟಕಕ್ಕೆ ಬಂದವರ ಕಾಗದಪತ್ರ ಹೇಗೇ ಇರಲಿ, ಪರೀಕ್ಷಿಸಿ ಜೀವಾಪಾಯದಿಂದ ಪಾರುಮಾಡಲೇಬೇಕು. ಮುಂದಿನ ಚಿಕಿತ್ಸೆಯ ಖರ್ಚಿಗೆ ಅದು ದಾರಿ ತೋರುವುದಿಲ್ಲ. ಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ ಮೂರು ಬಾರಿ ಬೇಕು. ಆದರೆ ಹಲವು ಕಡೆ ದಾಖಲೆಯಿಲ್ಲದವರು ಕಾಲು ಊದಿ, ಮೈಯಲ್ಲಿ ಪೊಟ್ಯಾಸಿಯಂ ಏರಿ, ಉಸಿರು ಸಿಕ್ಕಿಕೊಳ್ಳುವ ತನಕ ಕಾದು ತುರ್ತು ಘಟಕಕ್ಕೆ ಬರಬೇಕು. ಸ್ವಲ್ಪ ಬೇಗ ಬಂದರೆ, ‘ನಿಮಗಿನ್ನೂ ಅಷ್ಟು ಕೆಟ್ಟಿಲ್ಲ’ ಎಂದು ಹಿಂದಕ್ಕೆ ಕಳಿಸುವುದೂ ಉಂಟು. ಹಾಗೆ ಹಿಂತಿರುಗಿದವರಿಗೆ ಊಟದ ಪಥ್ಯ, ಬಸ್ಸಿನ ಚೀಟಿ, ಯಾವ ರಾಜ್ಯದಲ್ಲಿ ಏನು ಸಿಕ್ಕೀತೆಂಬ ಮಾಹಿತಿ ಒದಗಿಸುವುದು ಸಮಾಜ ಕಾರ್ಯಕರ್ತರ ಪಾಲಿನ ಕೆಲಸ. ಇಂಥ ರೋಗಿಗಳಲ್ಲಿ ಸಾವು ಹೆಚ್ಚು, ಆಸ್ಪತ್ರೆಯ ಖರ್ಚೂ ಹೆಚ್ಚು ಎಂದು ಅಧ್ಯಯನಗಳು ತೋರಿಸಿದವು.

2019ರಲ್ಲಿ ಕೊಲೊರಾಡೊ ರಾಜ್ಯ, ಸರ್ಕಾರವೇ ಖರ್ಚು ಹೊರುವ ‘ತುರ್ತು’ ಚಿಕಿತ್ಸೆಯ ವ್ಯಾಖ್ಯೆಯೊಳಗೆ ಈ ಕಾಯಿಲೆಯನ್ನೂ ಸೇರಿಸಿತು. ಅಲ್ಲಿನ ರೋಗಿಗಳು ಉಸಿರು ಕಟ್ಟುವ ಮೊದಲೇ, ನಿಗದಿಯಾದ ದಿನಗಳಂದು ಹೋಗಿ ಯಂತ್ರದ ಪಕ್ಕದಲ್ಲಿ ಕೂರುವಂತಾಯಿತು.

ನಮಸ್ಕಾರ.